ಗ್ರಂಥಾಲಯ, ಯೋಜನೆಗಳ ಅರಿವು ಮತ್ತು ಸ್ಪರ್ಧಾತ್ಮಕ ಪರೀಕ್ಷೆ: ಗ್ರಾಮ ಪಂಚಾಯತಿ ಸದಸ್ಯರ ಹೊಣೆ



ಭಾರತ ಸಂವಿಧಾನದ 11ನೇ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ 20ನೆಯದು ಗ್ರಂಥಾಲಯ. ಕುಡಿಯುವ ನೀರು, ರಸ್ತೆ, ವಸತಿ ಮತ್ತು ನೈರ್ಮಲ್ಯಗಳಿರುವ ಪಟ್ಟಿಯಲ್ಲೇ ಗ್ರಂಥಾಲಯಕ್ಕೂ ಸ್ಥಾನವಿದೆ. ಆದರೂ ನಮ್ಮ ಸಾಮಾನ್ಯ ಸಭೆಗಳ ನಡಾವಳಿಯಲ್ಲಿ ಈ ವಿಷಯ ಕಾಣಿಸಿಕೊಳ್ಳುವುದು ವಿರಳ. ರಾಜ್ಯದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಇಂದು ಅವು ‘ಅರಿವು ಕೇಂದ್ರ’ಗಳೆಂಬ ಹೆಸರಿನಿಂದ ಪರಿಚಿತವಾಗಿವೆ. 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಶಾಲೆ ಮತ್ತು ಕಾಲೇಜು ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಜನರಿಗೆ ಇದೇ ಕೇಂದ್ರವು ಏನು ಮಾಡಿಕೊಡಬಲ್ಲುದು, ಅದರಲ್ಲಿ ಸದಸ್ಯರ ಹೊಣೆ ಏನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಈ ವಿಷಯ ಪಂಚಾಯತಿಗೆ ಏಕೆ ಸಂಬಂಧಿಸಿದ್ದು

ಪದವಿ ಮುಗಿಸಿದ ಗ್ರಾಮೀಣ ಯುವಕರು ತರಬೇತಿಗಾಗಿ ಧಾರವಾಡ, ವಿಜಯಪುರ ಅಥವಾ ಬೆಂಗಳೂರಿಗೆ ಹೋಗುವುದು ರೂಢಿಯಾಗಿದೆ. ತರಬೇತಿ ಶುಲ್ಕ, ಕೊಠಡಿ ಬಾಡಿಗೆ ಮತ್ತು ಊಟದ ವೆಚ್ಚವನ್ನು ಹಲವು ಕುಟುಂಬಗಳು ಸಾಲ ಮಾಡಿಯೇ ಹೊರುತ್ತವೆ. ಈ ವೆಚ್ಚ ಭರಿಸಲಾಗದವರ ಓದು ಊರಲ್ಲಿಯೇ ನಿಂತುಹೋಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಹಣವಿದ್ದರೂ ದೂರದ ಊರಿಗೆ ಕಳುಹಿಸಲು ಮನೆಯವರು ಹಿಂಜರಿಯುತ್ತಾರೆ. ಪದವಿ ಪಡೆದ ಮಗಳಿಗೆ ಒಂದೆರಡು ವರ್ಷ ಓದುವ ಅವಕಾಶ ಸಿಗುವುದೋ ಇಲ್ಲವೋ ಎಂಬುದು, ಅನೇಕ ಮನೆಗಳಲ್ಲಿ, ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿ ಕುಳಿತು ಓದಲು ಸ್ಥಳವಿದೆಯೇ ಎಂಬುದರ ಮೇಲೆ ನಿಂತಿದೆ.

ಇನ್ನೊಂದು ಕಾರಣವೂ ಇದೆ. ಈ ಪರೀಕ್ಷೆಗಳಲ್ಲಿ ಕೇಳುವ ವಿಷಯಗಳ ಒಂದು ದೊಡ್ಡ ಭಾಗ ಪಂಚಾಯತಿಯ ದೈನಂದಿನ ಕೆಲಸವೇ ಆಗಿದೆ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಎರಡನೇ ಪತ್ರಿಕೆಯ ಪಠ್ಯಕ್ರಮದಲ್ಲಿ ಸ್ಥಳೀಯ ಹಂತದವರೆಗೆ ಅಧಿಕಾರ ಹಾಗೂ ಹಣಕಾಸಿನ ವಿಕೇಂದ್ರೀಕರಣ ಮತ್ತು ದುರ್ಬಲ ವರ್ಗಗಳ ಕಲ್ಯಾಣ ಯೋಜನೆಗಳು ಸೇರಿವೆ. ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಷಯವೇ ಆಧಾರ. ನಮ್ಮ ಕಚೇರಿಯ ಕಡತಗಳಲ್ಲಿರುವ ಮಾಹಿತಿಯನ್ನು ಇದೇ ಊರಿನ ವಿದ್ಯಾರ್ಥಿಯು ಹಣ ಕೊಟ್ಟು ದೂರದ ಊರಿನಲ್ಲಿ ಕಲಿಯುವಂತಾಗಬಾರದು.

2. ಪರೀಕ್ಷೆಗಳ ಸ್ವರೂಪ

ಊರಿನ ಯುವಕರು ಸಲಹೆ ಕೇಳಿದಾಗ ಸದಸ್ಯರಿಗೆ ಕನಿಷ್ಠ ಈ ವಿವರಗಳು ತಿಳಿದಿರುವುದು ಒಳಿತು.

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯು ಪೂರ್ವಭಾವಿ ಪರೀಕ್ಷೆ, ಮುಖ್ಯ ಪರೀಕ್ಷೆ ಮತ್ತು ವ್ಯಕ್ತಿತ್ವ ಪರೀಕ್ಷೆ ಎಂಬ ಮೂರು ಹಂತಗಳಲ್ಲಿ ನಡೆಯುತ್ತದೆ. ಪೂರ್ವಭಾವಿಯಲ್ಲಿ ತಲಾ 200 ಅಂಕಗಳ ಎರಡು ಪತ್ರಿಕೆಗಳಿವೆ. ಎರಡನೆಯದರಲ್ಲಿ ಶೇ 33 ಅಂಕ ಗಳಿಸಿದರೆ ಸಾಕು; ಆಯ್ಕೆಗೆ ಮೊದಲನೆಯ ಪತ್ರಿಕೆಯ ಅಂಕಗಳನ್ನು ಮಾತ್ರ ಪರಿಗಣಿಸಲಾಗುತ್ತದೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಮೂರನೇ ಒಂದು ಭಾಗ ಅಂಕ ಕಡಿತವಾಗುತ್ತದೆ. ಮುಖ್ಯ ಪರೀಕ್ಷೆಯಲ್ಲಿ ಒಟ್ಟು ಒಂಬತ್ತು ಪತ್ರಿಕೆಗಳಿದ್ದು, ಅರ್ಹತೆಗಾಗಿ ಇರುವ ಎರಡು ಭಾಷಾ ಪತ್ರಿಕೆಗಳನ್ನು ಬಿಟ್ಟು ಉಳಿದ ಏಳು ಪತ್ರಿಕೆಗಳಿಗೆ 1750 ಅಂಕ. ವ್ಯಕ್ತಿತ್ವ ಪರೀಕ್ಷೆಯ 275 ಸೇರಿ ಒಟ್ಟು 2025 ಅಂಕ. ಸಾಮಾನ್ಯ ವರ್ಗದವರಿಗೆ ವಯೋಮಿತಿ 32 ವರ್ಷ ಮತ್ತು ಆರು ಅವಕಾಶ. ಇತರೆ ಹಿಂದುಳಿದ ವರ್ಗದವರಿಗೆ 35 ವರ್ಷ ಮತ್ತು ಒಂಬತ್ತು ಅವಕಾಶ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 37 ವರ್ಷ, ಅವಕಾಶಗಳಿಗೆ ಮಿತಿಯಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಬೇಕು. ಮುಖ್ಯ ಪರೀಕ್ಷೆಯ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು. ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವನ್ನಾಗಿಯೂ ಆಯ್ದುಕೊಳ್ಳಬಹುದು. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಕನ್ನಡ ಮಾಧ್ಯಮದ ವಿದ್ಯಾರ್ಥಿಯು ಆರಂಭದಿಂದಲೇ ಪ್ರತಿದಿನ ಒಂದು ಇಂಗ್ಲಿಷ್ ದಿನಪತ್ರಿಕೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ. ಅರಿವು ಕೇಂದ್ರಕ್ಕೆ ಕನ್ನಡ ಪತ್ರಿಕೆಗಳ ಜೊತೆಗೆ ಒಂದು ಇಂಗ್ಲಿಷ್ ಪತ್ರಿಕೆ ತರಿಸಬೇಕೆಂಬುದಕ್ಕೆ ಕಾರಣ ಇದೇ. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ಪ್ರಶ್ನೆಪತ್ರಿಕೆಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಇರುತ್ತವೆ.

3. ಯೋಜನೆಗಳ ಐದು ಬಗೆ

ನೂರಾರು ಯೋಜನೆಗಳ ಹೆಸರನ್ನು ಬಾಯಿಪಾಠ ಮಾಡುವುದು ವಿದ್ಯಾರ್ಥಿಗೂ ಕಷ್ಟ, ಸದಸ್ಯರಿಗೂ ಕಷ್ಟ. ಯೋಜನೆಯೊಂದು ಯಾವ ಬಗೆಗೆ ಸೇರಿದ್ದೆಂದು ಗುರುತಿಸಿದರೆ ಅದರ ಹಣ ಎಲ್ಲಿಂದ ಬರುತ್ತದೆ, ತಪ್ಪಿದಾಗ ಯಾರನ್ನು ಕೇಳಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ.

ಮೊದಲನೆಯದು, ಕಾಯ್ದೆಯಿಂದ ಬಂದ ಹಕ್ಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ., ಅಂತ್ಯೋದಯ ಕುಟುಂಬಕ್ಕೆ 35 ಕೆ.ಜಿ. ಆಹಾರಧಾನ್ಯದ ಹಕ್ಕು ನೀಡಿದೆ. ಇದನ್ನು ಸರ್ಕಾರಿ ಆದೇಶವೊಂದರಿಂದ ರದ್ದುಗೊಳಿಸಲಾಗದು. ಸಂಸತ್ತೇ ಕಾಯ್ದೆಯನ್ನು ಬದಲಿಸಬೇಕು.

ಎರಡನೆಯದು, ಕೇಂದ್ರ ಪುರಸ್ಕೃತ ಯೋಜನೆ. ಇಲ್ಲಿ ಕೇಂದ್ರ ಮತ್ತು ರಾಜ್ಯಗಳು ವೆಚ್ಚವನ್ನು ಹಂಚಿಕೊಳ್ಳುತ್ತವೆ. ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಇದಕ್ಕೆ ಉದಾಹರಣೆ. 2016ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ನಮ್ಮಂತಹ ರಾಜ್ಯಗಳಿಗೆ ಹಂಚಿಕೆ 60:40. ಬಯಲು ಪ್ರದೇಶದಲ್ಲಿ ಮನೆಯೊಂದಕ್ಕೆ 1.20 ಲಕ್ಷ ರೂ. ನೆರವನ್ನು ನಿಗದಿಪಡಿಸಲಾಗಿದೆ.

ಮೂರನೆಯದು, ಕೇಂದ್ರ ವಲಯ ಯೋಜನೆ. ಇದರ ಪೂರ್ಣ ವೆಚ್ಚ ಕೇಂದ್ರದ್ದು. 2019ರ ಫೆಬ್ರವರಿಯಲ್ಲಿ ಚಾಲನೆಗೊಂಡ ಪಿ.ಎಂ. ಕಿಸಾನ್ ಯೋಜನೆಯಡಿ ರೈತ ಕುಟುಂಬಕ್ಕೆ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂ. ನೇರವಾಗಿ ಖಾತೆಗೆ ಜಮೆಯಾಗುತ್ತದೆ.

ನಾಲ್ಕನೆಯದು, ರಾಜ್ಯ ಯೋಜನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಡಿ ಕುಟುಂಬದ ಯಜಮಾನಿಗೆ ತಿಂಗಳಿಗೆ 2,000 ರೂ. ನೀಡುವುದು ರಾಜ್ಯ ಆಯವ್ಯಯದಿಂದ.

ಐದನೆಯದು, ಹಣಕಾಸು ಆಯೋಗದ ಅನುದಾನ. ಇದು ಯೋಜನೆಯೇ ಅಲ್ಲ; ಸಂವಿಧಾನದ 280ನೇ ಅನುಚ್ಛೇದದ ಅಡಿ ರಚನೆಯಾಗುವ ಆಯೋಗದ ಶಿಫಾರಸಿನಂತೆ ಸ್ಥಳೀಯ ಸಂಸ್ಥೆಗಳಿಗೆ ಬರುವ ಹಣ. 15ನೇ ಹಣಕಾಸು ಆಯೋಗದ 2021-22ರಿಂದ 2025-26ರ ಅವಧಿಯ ಅನುದಾನದಲ್ಲಿ ಶೇ 60 ನಿರ್ಬಂಧಿತ, ಶೇ 40 ಅನಿರ್ಬಂಧಿತ. ನಿರ್ಬಂಧಿತ ಭಾಗವು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಅನಿರ್ಬಂಧಿತ ಭಾಗವನ್ನು ಸ್ಥಳೀಯ ಅಗತ್ಯಕ್ಕೆ ಬಳಸಬಹುದಾದರೂ ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿಲ್ಲ.

ಒಂದೇ ಪಡಿತರ ಚೀಲದಲ್ಲಿ ಎರಡು ಬಗೆಗಳು ಸೇರಿರಬಹುದೆಂಬುದನ್ನೂ ಗಮನಿಸಬೇಕು. ಆಹಾರ ಭದ್ರತಾ ಕಾಯ್ದೆಯ ಪಾಲು ಕೇಂದ್ರದ್ದು. ಅದರ ಮೇಲೆ ಅನ್ನಭಾಗ್ಯದಡಿ ನೀಡುವ ಹೆಚ್ಚುವರಿ ಪಾಲು ರಾಜ್ಯದ್ದು. ಗ್ರಾಮ ಸಭೆಯಲ್ಲಿ ಪಡಿತರದ ಪ್ರಶ್ನೆ ಬಂದಾಗ ಈ ಭೇದ ತಿಳಿದ ಸದಸ್ಯರ ಉತ್ತರದಲ್ಲಿ ಗೊಂದಲವಿರುವುದಿಲ್ಲ.

4. ಯಾವುದೇ ಯೋಜನೆಗೆ ಕೇಳಬೇಕಾದ ಆರು ಪ್ರಶ್ನೆಗಳು

ಆಧಾರ ಯಾವುದು? ಹಣ ಯಾರದು, ಯಾವ ಪ್ರಮಾಣದಲ್ಲಿ? ಫಲಾನುಭವಿ ಯಾರು? ಅನುಷ್ಠಾನ ಯಾರದು? ಗ್ರಾಮ ಪಂಚಾಯತಿಯ ಕರ್ತವ್ಯವೇನು? ಕೆಲಸವಾಗಿದೆಯೆಂದು ತಿಳಿಯುವುದು ಹೇಗೆ?

ಜಲ ಜೀವನ್ ಮಿಷನ್ ಅನ್ನು ಈ ಪ್ರಶ್ನೆಗಳ ಮುಂದೆ ಇಟ್ಟು ನೋಡೋಣ. ಇದನ್ನು 2019ರ ಆಗಸ್ಟ್ 15ರಂದು ಘೋಷಿಸಲಾಯಿತು. ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಎಂದು ಕರೆಯಲಾಗಿದೆ. ಇದರ ಆಧಾರ ಕೇಂದ್ರದ ಮಾರ್ಗಸೂಚಿ, ಪ್ರತ್ಯೇಕ ಕಾಯ್ದೆಯಿಲ್ಲ. ಕರ್ನಾಟಕಕ್ಕೆ ವೆಚ್ಚ ಹಂಚಿಕೆ 50:50. ಪ್ರತಿಯೊಂದು ಗ್ರಾಮೀಣ ಕುಟುಂಬವೂ ಫಲಾನುಭವಿ. ಕಾಮಗಾರಿಯನ್ನು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ ಕೈಗೊಳ್ಳುತ್ತದೆ. ಗ್ರಾಮದೊಳಗಿನ ವ್ಯವಸ್ಥೆಯ ಯೋಜನೆ, ನಿರ್ವಹಣೆ ಮತ್ತು ನೀರಿನ ಕರ ವಸೂಲಿಯು ಗ್ರಾಮ ಪಂಚಾಯತಿ ಹಾಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಹೊಣೆ. ಕೊನೆಯ ಪ್ರಶ್ನೆಗೆ ಉತ್ತರ: ಪ್ರತಿ ವ್ಯಕ್ತಿಗೆ ದಿನಕ್ಕೆ 55 ಲೀಟರ್‌ನಂತೆ, ನಿಗದಿತ ಗುಣಮಟ್ಟದ ನೀರು ನಿಯಮಿತವಾಗಿ ಬರಬೇಕು. ನಲ್ಲಿ ಹಾಕಿ ನೀರು ಬಾರದಿದ್ದರೆ ಅದನ್ನು ಕಾರ್ಯನಿರತ ನಳ ಸಂಪರ್ಕವೆಂದು ಎಣಿಸಲಾಗದು.

ವಿದ್ಯಾರ್ಥಿಗೆ ಇದು ಪರೀಕ್ಷೆಯ ಉತ್ತರ. ಸದಸ್ಯರಿಗೆ ಇದು ಕಾಮಗಾರಿ ಹಸ್ತಾಂತರಕ್ಕೆ ಸಹಿ ಮಾಡುವ ಮುನ್ನ ಪರಿಶೀಲಿಸಬೇಕಾದ ಪಟ್ಟಿ. ತಮ್ಮ ವಾರ್ಡಿನ ಕೊನೆಯ ಮನೆಯಲ್ಲಿ ಬಿಂದಿಗೆ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡಿ ಬಂದ ಸದಸ್ಯರು ಸಭೆಯಲ್ಲಿ ಆಡುವ ಮಾತಿಗೆ ತೂಕವಿರುತ್ತದೆ. ಅದನ್ನೇ ನೋಡಿ ಬರೆದ ವಿದ್ಯಾರ್ಥಿಯ ಉತ್ತರಕ್ಕೂ ಅಷ್ಟೇ ತೂಕವಿರುತ್ತದೆ.

5. ಹಳೆಯ ಪುಸ್ತಕದ ಅಪಾಯ

ಪ್ರಚಲಿತ ವಿದ್ಯಮಾನದ ಪುಸ್ತಕಗಳು ಬೇಗ ಹಳತಾಗುತ್ತವೆ. ಕೆಲವು ಉದಾಹರಣೆಗಳು ಸಾಕು. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿ ನೀಡಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಸ್ಥಾನದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ಖಾತರಿಯನ್ನು 125 ದಿನಗಳಿಗೆ ಏರಿಸಲಾಗಿದೆ, ಬಹುತೇಕ ರಾಜ್ಯಗಳಿಗೆ ವೆಚ್ಚ ಹಂಚಿಕೆಯು 60:40 ಆಗಿದೆ. ಜಲ ಜೀವನ್ ಮಿಷನ್‌ನ ಮೂಲ ಗುರಿ 2024ಕ್ಕೆ ಇತ್ತು. 2025-26ರ ಕೇಂದ್ರ ಆಯವ್ಯಯದಲ್ಲಿ ಅದನ್ನು 2028ರವರೆಗೆ ವಿಸ್ತರಿಸಿರುವುದಾಗಿ ಪ್ರಕಟಿಸಲಾಯಿತು. ಅನ್ನಭಾಗ್ಯದ ಹೆಚ್ಚುವರಿ ಪಾಲನ್ನು 2023ರ ಜುಲೈನಿಂದ ಪ್ರತಿ ಕೆ.ಜಿ.ಗೆ 34 ರೂ.ನಂತೆ ನಗದಾಗಿ ನೀಡಲಾಗುತ್ತಿತ್ತು. 2025ರಲ್ಲಿ ಮತ್ತೆ ಅಕ್ಕಿಯ ರೂಪಕ್ಕೆ ಬದಲಾಯಿತು.

ನಾಲ್ಕು ವರ್ಷ ಹಿಂದಿನ ಮಾರ್ಗದರ್ಶಿಯನ್ನು ಓದಿದ ವಿದ್ಯಾರ್ಥಿಯು ಈ ಮೂರರಲ್ಲಿಯೂ ತಪ್ಪು ಉತ್ತರ ಬರೆಯುತ್ತಾನೆ, ಅಂಕವೂ ಕಡಿತವಾಗುತ್ತದೆ. ಹಳೆಯ ಸುತ್ತೋಲೆಯನ್ನೇ ನಂಬಿದ ಸದಸ್ಯರು ಗ್ರಾಮ ಸಭೆಯಲ್ಲಿ ಜನರಿಗೆ ತಪ್ಪು ಭರವಸೆ ನೀಡಿದಂತಾಗುತ್ತದೆ. ಆದ್ದರಿಂದ ಪುಸ್ತಕ ಖರೀದಿಸುವಾಗ ಎರಡು ವಿಭಾಗ ಮಾಡಿಕೊಳ್ಳಬೇಕು. ಸಂವಿಧಾನ, ಇತಿಹಾಸ, ಭೂಗೋಳ, ಅರ್ಥಶಾಸ್ತ್ರದ ಮೂಲಗ್ರಂಥಗಳು ಮತ್ತು 6ರಿಂದ 12ನೇ ತರಗತಿಯ ಪಠ್ಯಪುಸ್ತಕಗಳು ಹಲವು ವರ್ಷ ಬಾಳುತ್ತವೆ. ಯೋಜನೆಗಳ ಮಾಹಿತಿಗೆ ಮಾರ್ಗದರ್ಶಿಗಳಿಗಿಂತ ಪ್ರತಿವರ್ಷದ ಕರ್ನಾಟಕ ಆರ್ಥಿಕ ಸಮೀಕ್ಷೆ, ಮುಖ್ಯಮಂತ್ರಿಗಳ ಆಯವ್ಯಯ ಭಾಷಣ, ‘ಯೋಜನಾ’ ಮತ್ತು ವಾರ್ತಾ ಇಲಾಖೆಯ ‘ಜನಪದ’ ಮಾಸಿಕಗಳು ವಿಶ್ವಾಸಾರ್ಹ. ಇವೆಲ್ಲವೂ ಕನ್ನಡದಲ್ಲಿ ದೊರೆಯುತ್ತವೆ.

6. ಪಂಚಾಯತಿಯ ದಾಖಲೆಗಳೇ ಪಠ್ಯ

ಗ್ರಾಮ ಪಂಚಾಯತಿಯ ಆಯವ್ಯಯ, ವಾರ್ಷಿಕ ಕ್ರಿಯಾ ಯೋಜನೆ, ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆ, ಜಮಾಬಂದಿ ವರದಿ ಮತ್ತು ಸಾಮಾಜಿಕ ಪರಿಶೋಧನಾ ವರದಿ ಇವು ಸಾರ್ವಜನಿಕ ದಾಖಲೆಗಳು. ಇವುಗಳ ತಲಾ ಒಂದು ಪ್ರತಿಯನ್ನು ಅರಿವು ಕೇಂದ್ರದಲ್ಲಿ ಇರಿಸಿದರೆ ವಿದ್ಯಾರ್ಥಿಯು ಪುಸ್ತಕದಲ್ಲಿ ಓದಿದ್ದನ್ನು ತನ್ನ ಊರಿನ ಅಂಕಿಗಳಲ್ಲಿ ಕಾಣುತ್ತಾನೆ.

ಸಂವಿಧಾನದ 243ಡಿ ಅನುಚ್ಛೇದವು ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಮೀಸಲಿರಿಸಿದೆ. ಕರ್ನಾಟಕವು 2010ರ ತಿದ್ದುಪಡಿಯಿಂದ ಅದನ್ನು ಶೇ 50ಕ್ಕೆ ಏರಿಸಿತು. ಅದಕ್ಕೂ ಮುನ್ನ, 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬರುವ ಮೊದಲೇ, 1983ರ ಕಾಯ್ದೆಯಡಿ 1987ರಲ್ಲಿ ಚುನಾಯಿತವಾದ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಮಹಿಳೆಯರಿಗೆ ಶೇ 25 ಮೀಸಲಾತಿ ಇತ್ತು. ಈ ವ್ಯವಸ್ಥೆಯ ರೂವಾರಿ ಅಂದಿನ ಸಚಿವ ಅಬ್ದುಲ್ ನಜೀರ್ ಸಾಬ್. ಮೈಸೂರಿನ ನಮ್ಮ ತರಬೇತಿ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಗಿದೆ. ಈ ಇತಿಹಾಸದ ಮುಂದುವರಿಕೆಯಾಗಿ ನಿಂತಿರುವ ಮಹಿಳಾ ಸದಸ್ಯರೇ ನಮ್ಮ ಸಭೆಗಳಲ್ಲಿದ್ದಾರೆ. ಪರೀಕ್ಷೆಗೆ ಓದುವ ಹೆಣ್ಣುಮಕ್ಕಳೊಂದಿಗೆ ಅವರು ತಿಂಗಳಿಗೊಮ್ಮೆ ಒಂದು ಗಂಟೆ ಕುಳಿತು ಮಾತನಾಡಿದರೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ.

ಇದರಿಂದ ಪಂಚಾಯತಿಗೂ ಲಾಭವಿದೆ. ವಾರ್ಡ್ ಸಭೆ ಮತ್ತು ಗ್ರಾಮ ಸಭೆಗಳು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು; ಫಲಾನುಭವಿಗಳ ಆಯ್ಕೆ ಅಲ್ಲಿಯೇ ಆಗಬೇಕು. ಯೋಜನೆಗಳನ್ನು ಅರಿತ ಹತ್ತು ಯುವಜನರು ಸಭೆಯಲ್ಲಿದ್ದರೆ ಅರ್ಹರ ಹೆಸರು ಬಿಟ್ಟುಹೋಗುವುದು ಕಡಿಮೆಯಾಗುತ್ತದೆ. ಅವರು ಕೇಳುವ ಪ್ರಶ್ನೆಗಳು ಕೆಲವೊಮ್ಮೆ ಇರುಸುಮುರುಸು ಉಂಟುಮಾಡಬಹುದು. ಆದರೆ ಸಭೆಯಲ್ಲಿ ಎದ್ದ ಪ್ರಶ್ನೆಗೆ ಸಭೆಯಲ್ಲಿಯೇ ಉತ್ತರ ದೊರೆತರೆ ಅದು ಮುಂದೆ ದೂರು ಅರ್ಜಿಯಾಗಿ ಬೆಳೆಯುವುದಿಲ್ಲ.

7. ಅರಿವು ಕೇಂದ್ರದಲ್ಲಿ ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದು ಸಮಯ. ಹಗಲಿನಲ್ಲಿ ಹೊಲದ ಕೆಲಸ ಅಥವಾ ಕೂಲಿಗೆ ಹೋಗುವ ವಿದ್ಯಾರ್ಥಿಗೆ ಬೆಳಿಗ್ಗೆ ಮತ್ತು ಸಂಜೆಯ ಹೊತ್ತೇ ಓದಿನ ಹೊತ್ತು. ಕೇಂದ್ರದ ವೇಳೆಯನ್ನು ಓದುಗರ ಅನುಕೂಲ ನೋಡಿ ನಿಗದಿಪಡಿಸಬೇಕು. ಮೇಲ್ವಿಚಾರಕರೊಂದಿಗೆ ಚರ್ಚಿಸಿಯೇ ತೀರ್ಮಾನಿಸಬೇಕು. ಎರಡನೆಯದು ಬೆಳಕು, ಕುರ್ಚಿ, ಕುಡಿಯುವ ನೀರು ಮತ್ತು ಶೌಚಾಲಯ. ಶೌಚಾಲಯವಿಲ್ಲದ ಕೇಂದ್ರದಲ್ಲಿ ಹೆಣ್ಣುಮಕ್ಕಳು ಎರಡು ಗಂಟೆಗಿಂತ ಹೆಚ್ಚು ಕುಳಿತುಕೊಳ್ಳಲಾರರು. ಮೂರನೆಯದು ಕಂಪ್ಯೂಟರ್ ಮತ್ತು ಇಂಟರ್‌ನೆಟ್. ಅಧಿಸೂಚನೆ ಓದಲು, ಅರ್ಜಿ ಸಲ್ಲಿಸಲು, ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಪಡೆಯಲು ಇವು ಬೇಕು. ಎರಡೂ ಆಯೋಗಗಳು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಒದಗಿಸುತ್ತವೆ.

ಹಣದ ವಿಷಯ. ಆಸ್ತಿ ತೆರಿಗೆಯೊಂದಿಗೆ ಶೇ 6ರಷ್ಟು ಗ್ರಂಥಾಲಯ ಕರವನ್ನು ವಸೂಲು ಮಾಡಲಾಗುತ್ತದೆ. ಉದಾಹರಣೆಗೆ, ಆಸ್ತಿ ತೆರಿಗೆಯ ಬೇಡಿಕೆ 10 ಲಕ್ಷ ರೂ. ಇದ್ದರೆ ಗ್ರಂಥಾಲಯ ಕರದ ಬೇಡಿಕೆ 60,000 ರೂ. ತೆರಿಗೆಯಲ್ಲಿ ಶೇ 70 ಮಾತ್ರ ವಸೂಲಾದರೆ ಗ್ರಂಥಾಲಯಕ್ಕೆ 42,000 ರೂ. ದೊರೆತು 18,000 ರೂ. ಬಾಕಿ ಉಳಿಯುತ್ತದೆ. ತೆರಿಗೆ ಬಾಕಿಯೆಂದರೆ ಪುಸ್ತಕದ ಬಾಕಿಯೂ ಹೌದು ಎಂದು ಗ್ರಾಮ ಸಭೆಯಲ್ಲಿ ವಿವರಿಸಿದರೆ ವಸೂಲಾತಿಗೂ ಅದು ಸಹಾಯಕ. ಸದಸ್ಯರು ಬೇಡಿಕೆ, ವಸೂಲಿ ಮತ್ತು ಬಾಕಿ ತಃಖ್ತೆಯಲ್ಲಿ ಈ ಶೀರ್ಷಿಕೆಯನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ಜಾರಿಯಲ್ಲಿರುವ ಸರ್ಕಾರಿ ಆದೇಶಗಳಂತೆ ಅದರ ಬಳಕೆಯಾಗುತ್ತಿದೆಯೇ ಎಂದು ಕೇಳಬೇಕು.

8. ಪ್ರಮಾಣಪತ್ರ ಮತ್ತು ತರಬೇತಿಯ ಮಾಹಿತಿ

ಪರೀಕ್ಷೆಯಲ್ಲಿ ಅಂಕ ಗಳಿಸಿದರೂ ಪ್ರಮಾಣಪತ್ರ ಸಕಾಲದಲ್ಲಿ ಇಲ್ಲದೆ ಮೀಸಲಾತಿಯ ಸೌಲಭ್ಯ ಕಳೆದುಕೊಳ್ಳುವವರಿದ್ದಾರೆ. ರಾಜ್ಯದ ನೇಮಕಾತಿಗಳಲ್ಲಿ 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೂ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ. ಇದರ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಿಂದ ಪಡೆಯಬೇಕು. ಗ್ರಾಮೀಣ ಅಭ್ಯರ್ಥಿಗಳ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲು ಸಹಿಯೂ ಬೇಕು. ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳ ಅಭ್ಯರ್ಥಿಗಳು 371ಜೆ ಅನುಚ್ಛೇದದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳಿಂದ ಪಡೆಯಬೇಕು. ಅಧಿಸೂಚನೆ ಹೊರಡುವವರೆಗೆ ಕಾಯದೆ ಇವನ್ನು ಮೊದಲೇ ಮಾಡಿಸಿಟ್ಟುಕೊಳ್ಳುವಂತೆ ತಿಳಿಸಬೇಕು.

ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳು ಆಯ್ದ ಅಭ್ಯರ್ಥಿಗಳಿಗೆ ಉಚಿತ ಪರೀಕ್ಷಾ ಪೂರ್ವ ತರಬೇತಿ ನೀಡುತ್ತವೆ. ಈ ಪ್ರಕಟಣೆಗಳು ಪತ್ರಿಕೆಯ ಒಳಪುಟದಲ್ಲಿ ಬಂದು ಹೋಗುತ್ತವೆ; ಅರ್ಜಿಯ ಅವಧಿ ಮುಗಿದ ಮೇಲೆ ಊರಿಗೆ ಸುದ್ದಿ ತಲುಪುತ್ತದೆ. ಅವನ್ನು ಸೂಚನಾ ಫಲಕದಲ್ಲಿ ಹಾಕಿಸುವುದು, ಅರ್ಹರ ಮನೆಗೆ ತಿಳಿಸುವುದು ಸದಸ್ಯರಿಂದ ಸಾಧ್ಯವಿರುವ, ವೆಚ್ಚವಿಲ್ಲದ ಸೇವೆ.

9. ಸಾಮಾನ್ಯ ಸಭೆಗೆ ಮಾದರಿ ನಿರ್ಣಯ

“ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕ ಯುವತಿಯರ ಪಟ್ಟಿಯನ್ನು ವಾರ್ಡ್‌ವಾರು ಸಿದ್ಧಪಡಿಸಲು, ಅರಿವು ಕೇಂದ್ರದ ವೇಳೆಯನ್ನು ಓದುಗರ ಅನುಕೂಲಕ್ಕೆ ತಕ್ಕಂತೆ ಪರಿಷ್ಕರಿಸಲು, ಒಂದು ಇಂಗ್ಲಿಷ್ ದಿನಪತ್ರಿಕೆ ಮತ್ತು ಎರಡು ಮಾಸಿಕಗಳನ್ನು ತರಿಸಲು, ಪಂಚಾಯತಿಯ ಆಯವ್ಯಯ, ಕ್ರಿಯಾ ಯೋಜನೆ ಮತ್ತು ಪರಿಶೋಧನಾ ವರದಿಗಳ ಪ್ರತಿಗಳನ್ನು ಕೇಂದ್ರದಲ್ಲಿ ಇರಿಸಲು, ಗ್ರಂಥಾಲಯ ಕರದ ಬೇಡಿಕೆ, ವಸೂಲಿ ಮತ್ತು ಬಳಕೆಯ ವಿವರವನ್ನು ಮೂರು ತಿಂಗಳಿಗೊಮ್ಮೆ ಸಭೆಯ ಮುಂದೆ ಮಂಡಿಸಲು ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.”

ಈ ನಿರ್ಣಯಕ್ಕೆ ಸ್ಥಳೀಯ ಅಗತ್ಯದಂತೆ ಮಾರ್ಪಾಡು ಮಾಡಿಕೊಳ್ಳಬಹುದು. ಮೊದಲ ಅಂಶವಾದ ಪಟ್ಟಿಯನ್ನು ಮಾತ್ರ ಬಿಡಬಾರದು. ಯಾರು ಓದುತ್ತಿದ್ದಾರೆಂದು ತಿಳಿಯದೆ ಯಾವ ಪುಸ್ತಕ ತರಿಸಬೇಕು, ಎಷ್ಟು ಕುರ್ಚಿ ಬೇಕು, ಸಂಜೆ ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರಬೇಕು ಎಂಬುದು ತಿಳಿಯುವುದಿಲ್ಲ. ಓದು ಅರ್ಧಕ್ಕೆ ನಿಲ್ಲಿಸಿದವರ ಹೆಸರುಗಳನ್ನೂ, ವಿಶೇಷವಾಗಿ ಹೆಣ್ಣುಮಕ್ಕಳ ಹೆಸರುಗಳನ್ನು, ಆ ಪಟ್ಟಿಯಲ್ಲಿ ಸೇರಿಸಬೇಕು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಲು ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರನ್ನು ಕೋರಲಾಗಿದೆ.